ಹದಿನೆಂಟುನೂರು ಸಿಸಿ

"ಸ್ಟೇರಿಂಗ್ ಯಾರಾದ್ರೂ ಹಿಡ್ಕೊಳ್ರಪ್ಪ, ಗೋಡೆಗೆ ಹೋಗ್ತದೆ!" ಎಂದು ಕೂಗುತ್ತಲೇ ನರೇಂದ್ರ ಕಾರಿನ ಹಿಂಭಾಗಕ್ಕೆ ಭುಜ ಕೊಟ್ಟು ತಳ್ಳಿದ.

ತಮ್ಮನ ಹೆಂಡತಿ ಶಾಂತಕುಮಾರಿಯ ಹೆಣ ಆಸ್ಪತ್ರೆಯಿಂದ ಹೊರಟಾಗಿತ್ತು. ಮನೆ ಮುಂದೆ ಶಾಮಿಯಾನಕ್ಕೆ ಜಾಗ ಬೇಕು. ಆ ಜಾಗದಲ್ಲಿ ಅವಳ ಕೆಂಪು ಸ್ಪೋರ್ಟ್ಸ್ ಕಾರು ನಿಂತಿತ್ತು. ಎರಡೇ ಬಾಗಿಲಿನ, ನೆಲಕ್ಕೆ ಅಂಟಿದಂಥ ಹಳೆಯ ಕಾರು. ಎಂಜಿನ್ ಇಳಿಸಿದ್ದರಿಂದ ಭಾರ ತಪ್ಪಿ ಮೂತಿ ಮೇಲೆದ್ದಿತ್ತು.

ಶಕೀಲಾ ಓಡಿಬಂದು ಒಳಗೆ ಕೂತಳು. ಶಾಂತಕುಮಾರಿಯ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು, ಅಲ್ಲೇ ಕಲಿಸುವವಳಾಗಿದ್ದಳು. ಕಣ್ಣೀರು ಒರೆಸಿಕೊಳ್ಳುತ್ತಲೇ ಕಾರನ್ನು ಹುಣಸೆಮರದ ಕೆಳಗೆ ತಂದು ನಿಲ್ಲಿಸಿದಳು.

ನರೇಂದ್ರ ಬೆವರು ಒರೆಸಿಕೊಂಡ. "ಏಮಿರಾ ಇದಿ! ಏನಿದು, ಐವತ್ತು ದಾಟಿದ ಹೆಂಗಸಿಗೆ ರೇಸು ಕಾರು."

ಮೆಕ್ಯಾನಿಕ್ ವಾಸಿಫ್ ಹೂವಿನ ಹಾರ ಹಿಡಿದು ಗೇಟಿನಲ್ಲಿ ನಿಂತಿದ್ದ. ನರೇಂದ್ರ ಅವನನ್ನು ಪಕ್ಕಕ್ಕೆ ಕರೆದ. "ನಿನ್ನ ಹತ್ರ ಚಿಕ್ಕ ಎಂಜಿನ್ ಇದೆಯಲ್ಲ, ಅದನ್ನೇ ಕೂರಿಸಿಬಿಡಪ್ಪ. ಓಡೋ ಹಂಗಾದ್ರೆ ಯಾರಾದ್ರೂ ತಗೋತಾರೆ. ನಮ್ಮ ಮೋಹನನಿಗೆ ಸ್ಕೂಟರೂ ಬರಲ್ಲ, ಇದನ್ನಿಟ್ಕೊಂಡು ಏನ್ಮಾಡ್ತಾನೆ?"

"ಮೇಡಂ ಹೇಳಿದ್ದು ದೊಡ್ಡದು, ಸಾರ್."

"ಮೇಡಂ ಇಲ್ವಲ್ಲಪ್ಪ ಈಗ."

ಜಗಲಿಯಲ್ಲಿ ಕೂತಿದ್ದ ಅವಳ ಗಂಡ ಮೋಹನ್‌ಬಾಬುವಿಗೆ ಎಲ್ಲವೂ ಕೇಳಿಸುತ್ತಿತ್ತು.

*

ಚಿಂತಾಮಣಿಯ ಅರ್ಧದಷ್ಟು ಹೆಂಗಸರಿಗೆ ಕಾರು ಕಲಿಸಿದ ಶಾಂತಕುಮಾರಿಯ ಕೈಲಿ ಗಂಡನಿಗೆ ಮಾತ್ರ ಕಲಿಸಲಾಗಲಿಲ್ಲ. ಅವನಿಗೆ ಭಯ. ಬಸ್ಸಿನಲ್ಲೂ ಮುಂದಿನ ಸೀಟಲ್ಲಿ ಕೂರುವವನಲ್ಲ.

ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದ ಮೇಲೆಯೇ ಅವಳು ಆ ಕಾರು ತಂದದ್ದು. ಅದರ ಹಳೆಯ ಎಂಜಿನ್ ಸತ್ತಿತ್ತು. ವಾಸಿಫ್ ಎರಡು ದಾರಿ ಹೇಳಿದ.

"ಹದಿಮೂರುನೂರು ಸಿಸಿದು ಹಾಕಿದ್ರೆ ಸಲೀಸು, ಮೇಡಂ. ಹಂಗೇ ಕೂರ್ತದೆ. ಮುಂದೆ ಹಗುರ ಇರ್ತದೆ, ತಿರುವಲ್ಲೂ ಚೆನ್ನಾಗಿ ಹೋಗ್ತದೆ. ದಸರಾಕ್ಕೆ ನೀವೇ ಓಡಿಸ್ಬಹುದು. ಹದಿನೆಂಟುನೂರರದು ಆದ್ರೆ ಮುಂದಿನ ತಗಡು ಕತ್ತರಿಸ್ಬೇಕು. ಗೇರ್‌ಬಾಕ್ಸು, ಬ್ರೇಕು ಎಲ್ಲ ಬದಲಾಯಿಸ್ಬೇಕು. ಯುಗಾದಿ ಆಗ್ತದೆ."

"ಓಟ?"

ವಾಸಿಫ್ ನಕ್ಕ. "ಅದನ್ನ ಕೇಳಬೇಡಿ. ದೊಡ್ಡದರ ಮುಂದೆ ಚಿಕ್ಕದು ಎಮ್ಮೆ."

"ಹಂಗಾದ್ರೆ ದೊಡ್ಡದು."

ಮನೆಗೆ ಬಂದ ಮೇಲೆ ಮೋಹನ್‌ಬಾಬು ಜಗಳ ತೆಗೆದ. "ಚಿಕ್ಕದೇ ಹಾಕ್ಸು ಶಾಂತಾ. ಯುಗಾದಿವರೆಗೂ ನೀನು..."

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ಹೇಳ್ರೀ, ಪೂರ್ತಿ ಹೇಳಿ. ನಾನಿರ್ತೀನೋ ಇಲ್ವೋ ಅಂತ ನೋಡ್ಕೊಂಡು ಎಂಜಿನ್ ಆರಿಸ್ತಾರಾ? ಆ ಕಾರಿಗೆ ಯಾವುದು ಒಪ್ಪುತ್ತೋ ಅದನ್ನ ಆರಿಸ್ತಾರೆ."

"ನೀನು ಓಡಿಸ್ದೇ ಹೋದ್ರೆ?"

"ಇಪ್ಪತ್ತೈದು ವರ್ಷ ಪಕ್ಕದ ಸೀಟಲ್ಲಿ ಕೂತು ಬೇರೆಯವರ ಓಟಕ್ಕೆ ಬ್ರೇಕ್ ತುಳಿದಿದೀನಿ. ಸಾಯೋ ಭಯಕ್ಕೂ ಬ್ರೇಕ್ ತುಳಿ ಅಂತೀರಾ? ತುಳಿಯಲ್ಲ."

ಹಾಸಿಗೆ ಹಿಡಿದಾಗ ಕಾರನ್ನು ಕಿಟಕಿಯಿಂದ ಕಾಣುವಂತೆ ಮನೆಮುಂದೆ ತರಿಸಿಕೊಂಡಳು. ಕಳೆದ ವಾರ ದೊಡ್ಡ ಎಂಜಿನ್ ಗ್ಯಾರೇಜಿಗೆ ಬಂತು. ವಾಸಿಫ್ ಫೋನಿನಲ್ಲಿ ಚಿತ್ರ ತೋರಿಸಿದಾಗ ಅವಳು ಅದನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಅಷ್ಟೇ ಆದದ್ದು.

*

ಮಣ್ಣು ಮಾಡಿ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮೋಹನ್‌ಬಾಬು ಅಂಗಳದಲ್ಲೇ ತಲೆಗೆ ನೀರು ಸುರಿದುಕೊಂಡು, ಒಳಗೆ ಹಚ್ಚಿಟ್ಟ ದೀಪ ನೋಡಿ, ಒದ್ದೆ ಪಂಚೆಯಲ್ಲೇ ಹೊರಗೆ ಬಂದ. ವಾಸಿಫ್ ಹೊರಡಲು ಕಾಯುತ್ತಿದ್ದ.

"ಕಾರು ಎಳೆಯೋಕೆ ಹಗ್ಗ ಇದೆಯೇನಪ್ಪಾ?"

"ಇದೆ ಸಾರ್. ಚಿಕ್ಕದನ್ನ..."

"ದೊಡ್ಡದನ್ನೇ ಕೂರಿಸು. ಇವತ್ತೇ ಶುರುಮಾಡು."

ನರೇಂದ್ರ ಎದ್ದು ಬಂದ. "ತಲೆ ಕೆಟ್ಟಿದೆಯೇನೋ? ಸೂತಕದ ಮನೆಯವನು ಗ್ಯಾರೇಜಿಗೆ ಹೋಗ್ತೀಯಾ? ಊರಲ್ಲಿ ಏನಂತಾರೆ?"

"ಅನ್ಲಿ ಬಿಡಣ್ಣ."

"ನಿನಗೆ ಓಡಿಸೋಕೇ ಬರಲ್ಲ ಕಣೋ!"

"ನಾನು ಕಲಿಸ್ತೀನಿ," ಎಂದಳು ಶಕೀಲಾ, ಸ್ಕೂಲಿನ ಕಾರಿನ ಬೀಗ ತೆಗೆಯುತ್ತ. "ಮೇಡಂ ಕೈಲಿ ಆಗ್ಲಿಲ್ಲ, ನಿಜ. ನನ್ನ ಕೈಲಿ ಆಗ್ತದೆ. ಕೂತ್ಕೊಳ್ಳಿ ಸಾರ್. ಮುಂದೆ."

ಅವನು ಮುಂದೆಯೇ ಕೂತ. ಹಿಂದೆ ಹಗ್ಗಕ್ಕೆ ಕಟ್ಟಿದ ಕೆಂಪು ಕಾರಿನಲ್ಲಿ ವಾಸಿಫ್. ಮಾರ್ಕೆಟ್ಟಿನ ಮುಂದೆ ಟೊಮೆಟೊ ಕ್ರೇಟು ಇಳಿಸುತ್ತಿದ್ದವರು ಕೆಲಸ ಬಿಟ್ಟು ನೋಡಿದರು. ಯಾರೋ, "ಬೆಳಿಗ್ಗೆ ಸತ್ತದ್ದು ಇವನ ಹೆಂಡ್ತಿ ಅಲ್ವಾ?" ಅಂದದ್ದು ಕೇಳಿಸಿತು. ಮೋಹನ್‌ಬಾಬು ಕಿಟಕಿ ಏರಿಸಲಿಲ್ಲ.

ಗ್ಯಾರೇಜಿನಲ್ಲಿ ಸರಪಳಿಗೆ ತೂಗುಬಿಟ್ಟ ಎಂಜಿನ್ ನಿಧಾನಕ್ಕೆ ಇಳಿಯಿತು. ಒಂದು ಗೇಣು ಬಾಕಿ ಇರುವಾಗ ತಗಡಿಗೆ ತಾಕಿ ನಿಂತಿತು.

"ನೋಡಿ ಸಾರ್. ಇಲ್ಲಿ ಕತ್ತರಿಸ್ಬೇಕು. ಒಂದು ಸಲ ಕತ್ತರಿಸಿದ್ರೆ ಮತ್ತೆ ಚಿಕ್ಕದು ಕೂರಲ್ಲ." ವಾಸಿಫ್ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅವನ ಮುಖ ನೋಡಿದ. "ಕತ್ತರಿಸೋವಾಗ ನಾನೂ ಇರ್ತೀನಿ ಅಂದಿದ್ರು ಮೇಡಂ."

"ನಾನಿದೀನಿ. ಕತ್ತರಿಸು."

ಎಂಜಿನ್ನನ್ನು ಮತ್ತೆ ಮೇಲಕ್ಕೆಳೆದು, ವಾಸಿಫ್ ಕತ್ತರಿಸುವ ಯಂತ್ರ ಹಚ್ಚಿದ. ಕರ್ಕಶ ಸದ್ದು ತಗಡಿನ ಸೂರನ್ನೆಲ್ಲ ತುಂಬಿತು. "ಹಿಂದೆ ಬನ್ನಿ ಸಾರ್!" ಎಂದು ಶಕೀಲಾ ಕಿರುಚಿದಳು. ಕಿಡಿಗಳು ಸಿಡಿದು ಅವನ ಬರಿಗಾಲ ಮೇಲೆ, ಒದ್ದೆ ಪಂಚೆಯ ಅಂಚಿನ ಮೇಲೆ ಬಿದ್ದವು. ಬಸ್ಸಿನಲ್ಲೂ ಹಿಂದಿನ ಸೀಟು ಹುಡುಕುತ್ತಿದ್ದ ಮನುಷ್ಯ ಬಾನೆಟ್ಟಿನ ಅಂಚಿಗೆ ಎರಡೂ ಕೈ ಊರಿ, ಇನ್ನಷ್ಟು ಹತ್ತಿರ ಬಾಗಿದ.