ವರ್ನಾಳ ಅಂಗಳದ ನೀಲಿ ಫಲಕ

ರಾಯ್ಸ್ ಕೆಟಲ್ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆದ ಅನಾಹುತಕ್ಕೆಲ್ಲ ಅವನ ಒಳ್ಳೆಯತನವೇ ಮೂಲ. ವರ್ನಾ ಹಾಲ್ವರ್ಸನ್‌ಳ ಗಂಡ ತೀರಿಕೊಂಡಂದಿನಿಂದ ಆರು ಚಳಿಗಾಲ ಅವಳ ಮನೆಮುಂದಿನ ಹಿಮವನ್ನು ತನ್ನ ಟ್ರಕ್ಕಿನಲ್ಲಿ ಬಂದು, ಯಾರೂ ಹೇಳದೆಯೇ, ಬಾಚಿ ಹಾಕಿದ್ದಾನೆ. ಕಾಫಿ ಕುಡಿ ಎಂದರೂ ಬೇಡ ಅನ್ನುತ್ತಾನೆ. ಅಂಥವನು ಅಕ್ಟೋಬರಿನಲ್ಲಿ ಬಂದು, ಟೋಪಿ ತೆಗೆದು, "ವರ್ನಾ ಅವ್ರೆ, ಶಾಲಾ ಮಂಡಳಿಗೆ ನಿಂತಿದೀನಿ. ನಿಮ್ಮ ಅಂಗಳದಲ್ಲಿ ನನ್ನದೊಂದು ಪ್ರಚಾರದ ಫಲಕ ನೆಡ್ಲಾ?" ಎಂದರೆ ಇಲ್ಲ ಅನ್ನಲು ಯಾರಿಗೆ ನಾಲಿಗೆ ಏಳುತ್ತದೆ?

"ಅದಕ್ಕೂ ಕೇಳ್ಬೇಕೇನೋ? ನೆಡು, ನೆಡು," ಎಂದಳು ವರ್ನಾ.

ಆ ಅಂಗಳಕ್ಕೆ ಊರಲ್ಲಿ ಒಂದು ತೂಕವಿತ್ತು. ರಸ್ತೆಯಾಚೆಗೇ ಕ್ವಿಲ್ ಫ್ಲಾಟ್ ಪ್ರಾಥಮಿಕ ಶಾಲೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತಿದ್ದವಳು ಅವಳೇ. ಅವಳೇ ಸಾಕುತ್ತಿದ್ದ ಮೊಮ್ಮಗಳು ಟಿಲ್ಲಿ ಅಲ್ಲೇ ಎರಡನೇ ಕ್ಲಾಸು. ಟಿಲ್ಲಿಗೆ ಮೂರ್ಛೆರೋಗ. ಬಂದರೆ ಐದು ನಿಮಿಷದೊಳಗೆ ಮೂಗಿಗೆ ಔಷಧಿ ಹೊಡೆಯಬೇಕು, ತಡವಾದರೆ ದೇವರೇ ಗತಿ. ಅಡುಗೆಮನೆಯಿಂದ ತರಗತಿಗೆ ನಲವತ್ತು ಹೆಜ್ಜೆ. ಹಿಂದಿನ ವರ್ಷ ಮೂರು ಸಲ ಓಡಿದ್ದಳು, ಕೈಯಲ್ಲಿ ಸೌಟು ಹಿಡಿದುಕೊಂಡೇ.

ಮತಪತ್ರ ಅಂಚೆಯಲ್ಲಿ ಬಂತು. ಅಲ್ಲಿ ಎಲ್ಲರೂ ಮನೆಯಲ್ಲೇ ತುಂಬಿ, ಲಕೋಟೆಗೆ ಸಹಿ ಹಾಕಿ, ಅಗ್ನಿಶಾಮಕ ಠಾಣೆಯ ಮುಂದಿನ ಪೆಟ್ಟಿಗೆಗೆ ಹಾಕುವವರು. ಜೊತೆಗೆ ಬಂದ ಮತದಾರರ ಕೈಪಿಡಿಯನ್ನು ವರ್ನಾ ಬಿಸಿ ಸೂಪಿನ ಪಾತ್ರೆಯ ಅಡಿಗೆ ಇಟ್ಟಳು. ಮತಪತ್ರದ ಕಟ್ಟಕಡೆಯಲ್ಲಿ ಶಾಲಾ ಮಂಡಳಿ, ಎರಡು ಹೆಸರು. ರಾಯ್ಸನ ಹೆಸರಿನ ಮುಂದಿನ ಸೊನ್ನೆಯನ್ನು ಕಪ್ಪು ಮಾಡಿದಳು. ಅರ್ಧ ನಿಮಿಷದ ಕೆಲಸ. ಲಕೋಟೆ ಅಂದೇ ಪೆಟ್ಟಿಗೆ ಸೇರಿತು.

ಆ ವಾರವೇ ಇಬ್ಬರು ಗಂಡಸರು ಅಳತೆಪಟ್ಟಿ ಹಿಡಿದು ಶಾಲೆಯ ಅಡುಗೆಮನೆಗೆ ಬಂದರು. ಗೋಡೆ ಅಳೆದರು, ಒಲೆಗಳನ್ನು ಎಣಿಸಿದರು, ಅವಳನ್ನು ಮಾತ್ರ ಏನೂ ಕೇಳಲಿಲ್ಲ. ರಿಪೇರಿಗಿರಬೇಕು ಅಂದುಕೊಂಡು ವರ್ನಾ ಇಬ್ಬರಿಗೂ ಬಿಸ್ಕತ್ತು ಕೊಟ್ಟಳು!

ಶನಿವಾರ ಇಮೋಜಿನ್ ಪ್ರಾಟ್ ಬೇಲಿಯ ಬಳಿ ನಿಂತಳು. ಮತಪತ್ರದಲ್ಲಿದ್ದ ಇನ್ನೊಂದು ಹೆಸರು ಅವಳದೇ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಬಾಯಿ ಬಲು ಖಾರ. ಊರಲ್ಲಿ ಯಾರಿಗೂ ಅವಳನ್ನು ಕಂಡರೆ ಆಗುತ್ತಿರಲಿಲ್ಲ, ವರ್ನಾಳಿಗೂ ಅಷ್ಟೆ.

"ಫಲಕ ಚೆನ್ನಾಗಿದೆ," ಎಂದಳು ಇಮೋಜಿನ್. "ಅಲ್ಲ ಕಣೇ, ಶಾಲಾ ಮಂಡಳಿ ಅಂದ್ರೆ ಏನು ಅಂದ್ಕೊಂಡಿದೀಯ ನೀನು?"

"ಏನಂದ್ರೆ? ಜೂನ್ ತಿಂಗಳಲ್ಲಿ ವೇದಿಕೆ ಮೇಲೆ ನಿಂತು ಮಕ್ಕಳ ಕೈ ಕುಲುಕ್ತಾರಲ್ಲ, ಅವ್ರು."

"ಅಯ್ಯೋ ನಿನ್ನ! ಇಪ್ಪತ್ತೆರಡು ವರ್ಷ ಅಲ್ಲೇ ಸೌಟು ಆಡಿಸಿದೀಯ. ನಿನಗೆ ಸಂಬಳ ಎಷ್ಟು, ನರ್ಸು ಇರ್ಬೇಕಾ ಬೇಡ್ವಾ, ಬಸ್ಸು ಯಾವ ದಾರೀಲಿ ಹೋಗ್ಬೇಕು, ಯಾವ ಶಾಲೆ ಇರ್ಬೇಕು, ಯಾವುದಕ್ಕೆ ಬೀಗ ಹಾಕ್ಬೇಕು, ಎಲ್ಲಾ ಆ ಐದು ಜನ ಕೈ ಎತ್ತಿ ಮಾಡೋದು. ನಮ್ಮ ಶಾಲೆ ಮುಚ್ಚೋಕೆ ಈಗಾಗ್ಲೇ ಇಬ್ರು ಆ ಕಡೆ, ಇಬ್ರು ಈ ಕಡೆ. ಐದನೆಯವನು ಯಾರು ಹೇಳು?"

"ರಾಯ್ಸ್ ಅಂಥವನಲ್ಲ."

"ಅವನೇನು ಮುಚ್ಚಿಟ್ಟಿಲ್ಲ ಕಣೇ. ಬರೆದೇ ಕೊಟ್ಟಿದಾನೆ. ಓದು ಹೋಗು."

ವರ್ನಾ ಒಳಗೆ ಹೋಗಿ ಪಾತ್ರೆ ಎತ್ತಿದಳು. ಕೈಪಿಡಿಯ ಮೇಲೆ ದುಂಡಗೆ ಕಲೆ, ಕಲೆಯ ನಡುವೆ ನಗುತ್ತಿರುವ ರಾಯ್ಸ್. ಕೆಳಗೆ ಅವನದೇ ಮಾತು: 'ಅರ್ಧ ತುಂಬಿದ ಶಾಲಾ ಕಟ್ಟಡಗಳನ್ನು ದುಡ್ಡು ಸುರಿದು ಬೆಚ್ಚಗಿಡುವುದನ್ನು ನಿಲ್ಲಿಸೋಣ. ಎಲ್ಲ ಮಕ್ಕಳೂ ಮಾರ್ಲೋ ಪೇಟೆಯ ದೊಡ್ಡ ಶಾಲೆಯಲ್ಲಿ ಒಟ್ಟಿಗೆ ಕಲಿಯಲಿ.' ಮಾರ್ಲೋಗೆ ಬಸ್ಸಿನಲ್ಲಿ ಐವತ್ತೈದು ನಿಮಿಷ. ನಡುವೆ ನದಿಯ ಕಣಿವೆ. ಅಲ್ಲಿ ಫೋನು ಸಿಗುವುದಿಲ್ಲ, ಹಿಮ ಬಿದ್ದರೆ ಬಸ್ಸು ನಿಲ್ಲಿಸಲು ಜಾಗವೂ ಇಲ್ಲ. ವರ್ನಾ ಟಿಲ್ಲಿಯ ಔಷಧಿಯ ಐದು ನಿಮಿಷವನ್ನು ನೆನೆದಳು.

ಸೋಮವಾರ ಬೆಳಗ್ಗೆಯೇ ಚುನಾವಣಾ ಕಚೇರಿಗೆ ಫೋನು ಮಾಡಿದಳು. "ನನ್ನ ಓಟು ವಾಪಸ್ ಬೇಕಮ್ಮ, ತಪ್ಪಾಗಿದೆ."

"ನಿಮ್ಮ ಲಕೋಟೆ ಬಂದಿದೆ ಮೇಡಂ, ಸಹಿ ತಾಳೆಯಾಗಿದೆ. ಇನ್ನು ಏನೂ ಮಾಡೋಕಾಗಲ್ಲ," ಎಂದಳು ಆಚೆಯ ಹುಡುಗಿ, ಮೃದುವಾಗಿ.

ಹೋಗಲಿ, ಒಂದು ಮತ ತಾನೇ ಎಂದು ಸಮಾಧಾನ ಮಾಡಿಕೊಂಡು ಅಂಗಳಕ್ಕೆ ಹೋಗಿ ಫಲಕ ಕಿತ್ತಳು. ತಂತಿಯ ಕಾಲುಗಳು ಹೆಪ್ಪುಗಟ್ಟಿದ ಮಣ್ಣಲ್ಲಿ ಕಚ್ಚಿಕೊಂಡಿದ್ದವು. ಪಕ್ಕದ ಮನೆಯ ಹ್ಯಾಂಕ್ ಲುಡ್ಕೆ ಕೂಗಿದ: "ಯಾಕೆ ಕೀಳ್ತಿದೀಯ ವರ್ನಾ? ಚುನಾವಣೆಗೆ ಇನ್ನೂ ಎಂಟು ದಿನ ಇದೆಯಲ್ಲ!"

"ಹ್ಯಾಂಕ್, ನಿನ್ನ ಓಟು ಹಾಕಿಬಿಟ್ಯಾ?"

"ಆಗ್ಲೇ ಹಾಕಿದ್ವಿ. ಬೀದಿಯೋರೆಲ್ಲ ಹಾಕಾಯ್ತು. ಆ ಮಂಡಳಿ ಗೊಡವೆ ನಮಗೇನು ಗೊತ್ತು? ನಿನ್ನ ಅಂಗಳ ನೋಡಿದ್ವಿ. ಶಾಲೆಯವಳೇ ಫಲಕ ಹಾಕಿದಾಳೆ ಅಂದ್ರೆ ಶಾಲೆಗೆ ಒಳ್ಳೇದೇ ಇರ್ಬೇಕು ಅಂತ."

ವರ್ನಾ ಬೀದಿಯುದ್ದಕ್ಕೂ ನೋಡಿದಳು. ಹತ್ತೊಂಬತ್ತು ಮನೆ. ತಾನು ಬೇಯಿಸಿದ್ದನ್ನು ಉಂಡು ಬೆಳೆದವರೇ ಅರ್ಧ ಜನ. ಅಲ್ಲೇ ಕೂತು, ಫಲಕವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

ರಾಯ್ಸ್ ಹದಿನಾಲ್ಕು ಮತಗಳಿಂದ ಗೆದ್ದ. ಮಾರ್ಚಿನಲ್ಲಿ ಮೂರು ಕೈ ಮೇಲೆದ್ದವು, ಜೂನಿನಲ್ಲಿ ಶಾಲೆಗೆ ಬೀಗ ಬಿತ್ತು. ಮಾರ್ಲೋ ಶಾಲೆಯಲ್ಲಿ ಅಡುಗೆಯವರು ಸಾಕಷ್ಟಿದ್ದರು. ವರ್ನಾ ಮನೆಯಲ್ಲಿ ಉಳಿದಳು.

ಡಿಸೆಂಬರಿನ ಮೊದಲ ದೊಡ್ಡ ಹಿಮ ಬಿದ್ದ ಬೆಳಗ್ಗೆ ಟ್ರಕ್ಕಿನ ಸದ್ದು ಕೇಳಿತು. ರಾಯ್ಸ್ ಬಾಗಿಲಿನಿಂದ ಬಸ್ಸು ನಿಲ್ಲುವ ಜಾಗದವರೆಗೆ, ನೆಲ ಕಾಣುವಂತೆ ಬಾಚಿ ಮುಗಿಸಿದ್ದ.

"ಟಿಲ್ಲಿ ಕಾಲು ಒದ್ದೆಯಾಗ್ಬಾರ್ದು ಅಂತ ಮೊದ್ಲು ಇಲ್ಲಿಗೇ ಬಂದೆ ವರ್ನಾ ಅವ್ರೆ," ಎಂದ, ಕೆಂಪು ಮೂಗು ಒರೆಸಿಕೊಳ್ಳುತ್ತ.

ವರ್ನಾ ಅವನ ಮುಖ ನೋಡಿದಳು. ಬೈಯಲು ಒಂದು ವರ್ಷದಿಂದ ಮಾತು ಕೂಡಿಟ್ಟಿದ್ದಳು. "ಥ್ಯಾಂಕ್ಸ್ ಕಣೋ," ಎಂದಳು.

ಟಿಲ್ಲಿ ಆ ದಾರಿಯಲ್ಲಿ ಓಡಿ ಹೋಗಿ ಬಸ್ಸು ಹತ್ತಿದಳು, ಕಿಟಕಿಯಿಂದ ಕೈಯಾಡಿಸಿದಳು. ಔಷಧಿ ಅವಳ ಚೀಲದೊಳಗಿತ್ತು. ಬಸ್ಸು ಕಣಿವೆಯ ಕಡೆಗೆ ತಿರುಗಿತು. ಏಳೂ ಹತ್ತು. ಮಗು ಮುಟ್ಟಿತು ಎಂದು ಶಾಲೆಯಿಂದ ಫೋನು ಬರುವುದು ಎಂಟೂ ಐದಕ್ಕೆ. ವರ್ನಾ ಕುರ್ಚಿಯನ್ನು ಗಡಿಯಾರದ ಕಡೆ ತಿರುಗಿಸಿ ಕೂತಳು.