ಬುಧವಾರದ ಜಾಮೀನು

‘ಪಾಸ್‌ಪೋರ್ಟ್ ಇನ್ನೂ ಸ್ಕೂಲಿನ್ಯಾಗ ಅದ ರೀ,’ ಎಂದು ಹೇಳಿ ಮುಗಿಸಿದ ಮೇಲೆ, ತಾನು ಹೇಳಿದ್ದು ಸುಳ್ಳು ಎಂಬುದು ಗುರುಪಾದಪ್ಪನಿಗೆ ಹೊಳೆಯಿತು. ಯೋಚಿಸಿ ಹೇಳಿದ್ದಲ್ಲ. ದುಬೈಯಲ್ಲಿ ಯಾರು ಯಾರ ಪಾಸ್‌ಪೋರ್ಟ್ ಕೇಳಿದರೂ ಬಾಯಿಗೆ ತಾನಾಗಿ ಬರುವ ಉತ್ತರ ಅದು. ಕಂಪನಿಯಲ್ಲಿದೆ, ಆಸ್ಪತ್ರೆಯಲ್ಲಿದೆ, ಸ್ಕೂಲಿನಲ್ಲಿದೆ. ಪಾಸ್‌ಪೋರ್ಟನ್ನು ಕೆಲಸ ಕೊಟ್ಟವರೇ ಇಟ್ಟುಕೊಳ್ಳುವ ಊರಿನಲ್ಲಿ ವರ್ಷಗಟ್ಟಲೆ ಅದು ನಿಜವೇ ಆಗಿತ್ತು. ಸೋಮವಾರದಿಂದ ಮಾತ್ರ ಆಗಿರಲಿಲ್ಲ.

ಗರ್ಟ್ರೂಡ್ ತಕ್ಷಣ ನಂಬಿದಳು.

‘ಹೌದಲ್ಲ ಸರ್. ನಂದೂ ಆಸ್ಪತ್ರೆಯಲ್ಲೇ ಉಂಟು. ಕೇಳುವ ಅಂದ್ರೆ ಅದನ್ನು ಇಟ್ಕೊಳ್ಳುವ ಪಿ.ಆರ್.ಓ. ರಜೆಯಂತೆ, ನಾಳೆ ನಾಡಿದ್ದು ಹೇಗೂ ವಾರದ ರಜೆ, ಇನ್ನು ಶನಿವಾರವೇ ಬರುದಂತೆ. ಇವತ್ತು ಎರಡು ಗಂಟೆ ಒಳಗೆ ಯಾರದ್ದಾದ್ರೂ ಒಂದು ಪಾಸ್‌ಪೋರ್ಟ್ ಇಟ್ರೆ ಇವರನ್ನು ಬಿಡ್ತಾರಂತೆ. ಇಲ್ಲದಿದ್ರೆ ಶನಿವಾರದವರೆಗೆ ಒಳಗೇ. ಎಂತ ಮಾಡುದು ಹೇಳಿ.’

‘ಇವರು’ ಎಂದರೆ ಅವಳ ಗಂಡ ಮೊರಿಸ್. ದುಬೈಯ ಸತ್ವಾ ಬಡಾವಣೆಯ ಈ ಹಳೆಯ ವಿಲ್ಲಾದಲ್ಲಿ ಎರಡು ಸಂಸಾರಗಳು, ಒಂದು ಅಡುಗೆಮನೆ. ಮಂಗಳೂರಿನ ಈ ದಂಪತಿಗಳ ಮೀನಿನ ವಾಸನೆಗೆ ಧಾರವಾಡದ ಗುರುಪಾದಪ್ಪ, ಅವನ ಹೆಂಡತಿ ಮಾಧುರಿ ಒಗ್ಗಿಕೊಂಡು ಎಷ್ಟೋ ಕಾಲವಾಗಿತ್ತು. ನಿನ್ನೆ ಸಂಜೆ ಮೊರಿಸ್‌ನ ಕಾರು ಸೈಕಲ್ಲಿನವನೊಬ್ಬನಿಗೆ ಬಡಿದಿತ್ತು. ಸೈಕಲ್ಲಿನವನು ಆಸ್ಪತ್ರೆಯಲ್ಲಿದ್ದ, ಮೊರಿಸ್ ಪೊಲೀಸ್ ಠಾಣೆಯಲ್ಲಿದ್ದ.

‘ಬ್ಯಾರೆ ಯಾರನ್ನರ ಕೇಳಿದ್ರಿ?’

‘ಎಲ್ಲರನ್ನೂ ಕೇಳಿದೆ. ಎಲ್ಲರದ್ದೂ ಕಂಪನಿಯಲ್ಲೇ ಉಂಟಂತೆ.’

ಅವಳು ನರ್ಸ್ ಯೂನಿಫಾರ್ಮಿನ ಮೇಲೆ ಸ್ವೆಟರ್ ಹಾಕಿಕೊಂಡು ಆಸ್ಪತ್ರೆಯ ಬಸ್ಸಿಗೆ ಹೊರಟುಹೋದಳು. ರಜೆ ಕೇಳಿದರೆ ಕೊಟ್ಟಿರಲಿಲ್ಲವಂತೆ. ನಿನ್ನೆ ಮೊರಿಸ್ ಎಲ್ಲಿಗೆ ಹೋಗಿದ್ದ, ಯಾರಿಗಾಗಿ ಹೋಗಿದ್ದ ಎಂಬ ಮಾತನ್ನು ಅವಳು ಎತ್ತಲೇ ಇಲ್ಲ. ಎತ್ತಿದ್ದರೆ ವಾಸಿಯಿತ್ತು. ಉತ್ತರವಾಗಿ ಏನಾದರೂ ಹೇಳಬಹುದಿತ್ತು.

ಮೊರಿಸ್ ಹೋಗಿದ್ದು ಅಬುಧಾಬಿಗೆ, ಗುರುಪಾದಪ್ಪನನ್ನು ಕರೆದುಕೊಂಡು. ಖಲೀಫಾ ಸಿಟಿಯ ಹೊಸ ಸ್ಕೂಲಿನಲ್ಲಿ ವೈಸ್ ಪ್ರಿನ್ಸಿಪಾಲ್ ಕೆಲಸದ ಕೊನೆಯ ಮಾತುಕತೆ ಇತ್ತು. ಬಸ್ಸಿನಲ್ಲಿ ಹೋದರೆ ಇಸ್ತ್ರಿ ಹಾಳಾಗುತ್ತದೆ ಎಂದು ಮೊರಿಸ್‌ನೇ ರಜೆ ಹಾಕಿ ಹೊರಟಿದ್ದ. ಮಧ್ಯಾಹ್ನವೆಲ್ಲ ಆ ಸ್ಕೂಲಿನ ಗೇಟಿನ ಹೊರಗೆ ಬಿಸಿಲಿನಲ್ಲಿ ಕಾದಿದ್ದ. ವಾಪಸ್ಸು ಬರುವಾಗ ಎರಡು ಸಲ ಆಕಳಿಸಿದ್ದನ್ನು ಗುರುಪಾದಪ್ಪ ಕಂಡಿದ್ದ. ಮನೆಯ ಮುಂದೆ ಇವನನ್ನು ಇಳಿಸಿ, ಪೆಟ್ರೋಲ್ ಹಾಕಿಸಿ ಬರುತ್ತೇನೆಂದು ಹೋದವನು ಬರಲೇ ಇಲ್ಲ.

ಕೋಣೆಯಲ್ಲಿ ಮಾಧುರಿ ಹಾಸಿಗೆ ಕೊಡವುತ್ತಿದ್ದಳು. ಗೋಡೆ ಅಂದರೆ ಪ್ಲೈವುಡ್ಡು, ಎಲ್ಲವೂ ಕೇಳಿಸುತ್ತಿತ್ತು.

‘ಛಲೋ ಮಾಡಿದ್ರಿ,’ ಎಂದಳು.

‘ಏನು?’

‘ಏನಿಲ್ಲ.’ ಅವಳು ದಿಂಬನ್ನು ತಟ್ಟಿದಳು. ‘ಶನಿವಾರ ವೀಸಾಕ್ಕ ಪಾಸ್‌ಪೋರ್ಟ್ ಒಯ್ದು ಕೊಡಲಿಲ್ಲಂದ್ರ ಅಬುಧಾಬಿಯವರು ಬ್ಯಾರೆಯವರನ್ನ ತಗೋತಾರ. ನೀವ ಹೇಳಿದ್ರಿ.’

‘ಹೌದು.’

‘ಮತ್ತ?’

ಕೆಲಸ ಬಿಡಲು ಒಪ್ಪಿಗೆ ಪತ್ರದ ಜೊತೆ ಸ್ಕೂಲು ಸೋಮವಾರ ಬಿಟ್ಟುಕೊಟ್ಟ ಪಾಸ್‌ಪೋರ್ಟ್ ಕಪಾಟಿನಲ್ಲಿತ್ತು. ಅವನು ಅದನ್ನು ತೆಗೆದು ಕೋಟಿನ ಒಳಜೇಬಿಗೆ ಹಾಕಿಕೊಂಡ. ಏಕೆ ಹಾಕಿಕೊಂಡೆ ಎಂದು ತನ್ನನ್ನೇ ಕೇಳಿಕೊಂಡ. ಮನೆಯಲ್ಲಿ ಬಿಟ್ಟರೆ ಗರ್ಟ್ರೂಡ್‌ಗೆ ಕಾಣಬಹುದೆಂದೋ, ಮನಸ್ಸು ಬದಲಾದರೆ ಕೈಯಲ್ಲಿರಲಿ ಎಂದೋ? ಮಾಧುರಿಯ ಮೆಚ್ಚುಗೆ ಮಾತ್ರ ಅವನಿಗೆ ಅವಮಾನದ ಹಾಗೆ ತಟ್ಟಿತು.

ಹೊರಗೆ ಧೂಳು ಎದ್ದಿತ್ತು. ಶೇಖ್ ಝಾಯೆದ್ ರಸ್ತೆಯ ಕಟ್ಟಡಗಳು ಸೊಂಟದಿಂದ ಮೇಲಕ್ಕೆ ಇರಲಿಲ್ಲ. ಕ್ರೇನುಗಳು ಎಲ್ಲಿಂದಲೋ ಏನನ್ನೋ ಇಳಿಸುತ್ತಿದ್ದವು. ಬಸ್ಸಿನಲ್ಲಿ ಪಕ್ಕದವನು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ನಿದ್ದೆ ಮಾಡುತ್ತಿದ್ದ. ಅವನ ಎದೆ ಏರಿಳಿಯುತ್ತಿದೆಯೇ ಎಂದು ಗುರುಪಾದಪ್ಪ ಯಾಕೋ ಗಮನವಿಟ್ಟು ನೋಡಿದ.

ಹನ್ನೊಂದನೇ ತರಗತಿಗೆ ಇದು ಅವನ ಕೊನೆಯ ಪಾಠ. ಇಂಗ್ಲಿಷ್ ಕಲಿಸಲು ಸಂಬಳ. ವಾರಕ್ಕೊಮ್ಮೆ ಮೌಲ್ಯ ಶಿಕ್ಷಣ ಪುಕ್ಕಟೆ. ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿದ್ದರ ಉಳಿಕೆಯೆಂದರೆ ಈ ಒಂದು ಪೀರಿಯಡ್. ಆ ಹೊತ್ತಿನಲ್ಲಿ ಮಾತ್ರ ತಾನು ಯಾರೆಂಬುದು ತನಗೆ ಗೊತ್ತು ಎಂದು ಅವನಿಗೆ ಅನ್ನಿಸುತ್ತಿತ್ತು. ಪಠ್ಯಪುಸ್ತಕವನ್ನು ಬದಿಗಿಟ್ಟು ಗ್ರೀಕ್ ತತ್ವಜ್ಞಾನಿಗಳ ಮಾತು ಹೇಳುತ್ತಿದ್ದ.

ಇಂದೂ ಅದನ್ನೇ ಹೇಳಿದ. ನಾವು ಮಾಡುವ ಪ್ರತಿಯೊಂದನ್ನೂ ಬೇರೊಂದಕ್ಕಾಗಿ ಮಾಡುತ್ತೇವೆ. ಓದುವುದು ಅಂಕಕ್ಕೆ, ಅಂಕ ಕೆಲಸಕ್ಕೆ. ಹೀಗೆ ಹೋಗುತ್ತಾ ಹೋಗುತ್ತಾ, ಇನ್ಯಾವುದಕ್ಕೂ ಅಲ್ಲದೆ ಅದಕ್ಕಾಗಿಯೇ ಬೇಕು ಎನ್ನಿಸುವಂಥದ್ದು ಒಂದು ಇರಲೇಬೇಕು. ಅದೇ ಪರಮ ಶ್ರೇಯಸ್ಸು. ಸಿಗುವುದು ಸುಖದಿಂದಲ್ಲ, ಹಣದಿಂದಲ್ಲ, ಚೆನ್ನಾಗಿ ಬಾಳಿದ ಒಂದು ಇಡೀ ಬದುಕಿನಿಂದ.

ಬೋರ್ಡಿನ ಮೇಲೆ ಬಾಣಗಳನ್ನು ಎಳೆಯುತ್ತ ಹೋದ ಸೀಮೆಸುಣ್ಣ ನಡುವೆ ನಿಂತಿತು. ಅವನ ತಲೆಯಲ್ಲಿ ಬೇರೆ ಬಾಣಗಳು ಎದ್ದಿದ್ದವು. ಪಾಸ್‌ಪೋರ್ಟ್ ವೀಸಾಕ್ಕೆ, ವೀಸಾ ಕೆಲಸಕ್ಕೆ, ಕೆಲಸ ವೀಸಾಕ್ಕೆ. ಅದು ಎಲ್ಲಿಯೂ ಮೇಲಕ್ಕೆ ಹೋಗುತ್ತಿರಲಿಲ್ಲ, ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು.

ತರಗತಿ ಕಾಯುತ್ತಿತ್ತು. ಅವನು ಮುಂದಿನ ಮಾತಿಗೆ ಹಾರಿದ. ಸದ್ಗುಣವೆಂದರೆ ಎರಡು ಅತಿಗಳ ನಡುವಿನ ಹದ. ಹೇಡಿತನ ಒಂದು ಅತಿ, ದುಡುಕು ಇನ್ನೊಂದು; ಧೈರ್ಯ ನಡುವೆ ಇದೆ.

ಕಿಟಕಿಯ ಪಕ್ಕ ಕೂತಿದ್ದ ತಾನ್ಯಾ ಕೈ ಎತ್ತಿದಳು. ‘ಬಟ್ ಸರ್, ಹೂ ಡಿಸೈಡ್ಸ್ ವೇರ್ ದ ಮಿಡಲ್ ಈಸ್?’

‘ವಿವೇಕಿಯಾದವನು,’ ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ.

‘ಹ್ಯಾವ್ ಯು ಮೆಟ್ ಒನ್, ಸರ್?’

ತರಗತಿ ನಕ್ಕಿತು. ಗುರುಪಾದಪ್ಪನೂ ನಕ್ಕ. ನಗು ಮುಗಿದ ಮೇಲೂ ಹುಡುಗಿ ಉತ್ತರಕ್ಕಾಗಿ ನೋಡುತ್ತಲೇ ಇದ್ದಳು. ಅವಳದು ಕುಚೇಷ್ಟೆಯ ಪ್ರಶ್ನೆಯಾಗಿರಲಿಲ್ಲ. ಗಂಟೆ ಹೊಡೆಯಿತು.

ಸ್ಟಾಫ್ ರೂಮಿನಲ್ಲಿ ಮೊಬೈಲ್ ಮೇಜಿನ ಮೇಲೆ ನಡುಗುತ್ತಿತ್ತು.

‘ಸರ್, ಇವರ ಹತ್ತಿರ ಮಾತಾಡಿದೆ,’ ಎಂದಳು ಗರ್ಟ್ರೂಡ್. ‘ಒಂದು ನಿಮಿಷ ಫೋನು ಕೊಟ್ರು.’

‘ಹ್ಯಾಂಗ ಅದಾರ?’

‘ನಿಮ್ಮದೇ ಕೇಳಿದ್ರು. ಸರ್‌ದು ಕೆಲಸ ಗಟ್ಟಿಯೇ ಅಲ್ವಾ, ಇದ್ರಿಂದ ತೊಂದರೆ ಏನೂ ಆಗ್ಲಿಲ್ಲ ಅಲ್ವಾ ಅಂತ.’

ಗುರುಪಾದಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

‘ಇಲ್ಲ, ಗಟ್ಟಿಯೇ ಅಂದೆ. ಖುಷಿ ಆಯ್ತು ಅವರಿಗೆ. ಆ ಸೈಕಲಿನವನಿಗೆ ಇನ್ನೂ ಎಚ್ಚರ ಇಲ್ಲವಂತೆ ಸರ್. ನನಗೆ ಹೆದರಿಕೆ ಆಗ್ತದೆ. ನಾನು ಡ್ಯೂಟಿ ಬಿಟ್ಟು ಸೀದಾ ನಿಮ್ಮ ಸ್ಕೂಲಿಗೇ ಬರ್ತೇನೆ. ಪ್ರಿನ್ಸಿಪಾಲರ ಕಾಲು ಹಿಡಿದು ಕೇಳ್ತೇನೆ. ನಿಮ್ಮ ಪಾಸ್‌ಪೋರ್ಟ್ ಒಂದು ಕೊಡಿ ಅಂತ. ಹೆಂಗಸರು ಕೇಳಿದ್ರೆ ಇಲ್ಲ ಅನ್ಲಿಕ್ಕಿಲ್ಲ.’

‘ಬ್ಯಾಡ!’ ಅವನ ದನಿ ಜೋರಾಯಿತು. ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದವರು ತಲೆ ಎತ್ತಿದರು. ‘ನೀವು ಇಲ್ಲಿಗೆ ಬರಬ್ಯಾಡ್ರಿ.’

‘ಯಾಕೆ ಸರ್?’

‘ನಾನ ಕೇಳ್ತೀನಿ. ಇಸಗೊಂಡು ಸ್ಟೇಷನ್ನಿಗೆ ಬರ್ತೀನಿ. ನೀವು ಸೀದಾ ಅಲ್ಲಿಗೆ ಬರ್ರಿ.’

‘ಕೊಡ್ತಾರಾ?’

‘ಕೊಡ್ತಾರ.’

ಅತ್ತ ಗರ್ಟ್ರೂಡ್ ಅಳತೊಡಗಿದಳು. ನಿಮ್ಮಂಥವರು ಪಕ್ಕದಲ್ಲಿದ್ದದ್ದು ನಮ್ಮ ಪುಣ್ಯ ಎಂದಳು. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಗುಟ್ಟು ರಟ್ಟಾಗಲಿಲ್ಲವೆಂದು ಸಮಾಧಾನವಾಯಿತು.

ಅರ್ಧ ದಿನದ ರಜೆ ಹಾಕಿ ಹೊರಬಿದ್ದ. ಒಳ್ಳೆಯ ಕೆಲಸವನ್ನು ಮಾಡಿದರಷ್ಟೇ ಸಾಲದು, ಒಳ್ಳೆಯವನು ಮಾಡುವ ಹಾಗೆ, ಅದಕ್ಕಾಗಿಯೇ ಮಾಡಬೇಕು ಎಂದು ಅವನೇ ಎಷ್ಟೋ ಸಲ ಪಾಠ ಹೇಳಿದ್ದ. ಈಗ ಇವನು ಹೊರಟಿದ್ದು ಸಿಕ್ಕಿಬೀಳುವ ಹೆದರಿಕೆಯಿಂದ. ಇದನ್ನು ಸತ್ಕಾರ್ಯವೆಂದು ಒಪ್ಪಲು ಯಾವ ಗ್ರೀಕನೂ ತಯಾರಿರಲಿಲ್ಲ. ಟ್ಯಾಕ್ಸಿಯವನು ಮಾತ್ರ ಒಪ್ಪಿದ, ಧೂಳೆಂದು ಗೊಣಗಿಕೊಂಡು.

ಟ್ಯಾಕ್ಸಿ ಸಿಗ್ನಲ್ಲಿನಲ್ಲಿ ನಿಂತಿತು. ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆಗ ಒಂದು ಲೆಕ್ಕ ಅವನ ತಲೆಯಲ್ಲಿ ಬಲು ಅಚ್ಚುಕಟ್ಟಾಗಿ ಮೂಡಿತು. ಸೈಕಲ್ಲಿನವನು ಈಗಲೇ ಸತ್ತರೆ ಕೇಸೇ ಬೇರೆಯಾಗುತ್ತದೆ. ಜಾಮೀನಿನ ಮಾತೇ ಇರುವುದಿಲ್ಲ. ಪಾಸ್‌ಪೋರ್ಟ್ ತಂದಿದ್ದೆ, ಏನು ಮಾಡುವುದು, ತಡವಾಯಿತು ಎಂದು ಗರ್ಟ್ರೂಡ್‌ಗೆ ಹೇಳಬಹುದು. ಶನಿವಾರ ಅಬುಧಾಬಿಗೆ ಹೋಗಬಹುದು. ಯಾರೂ ಕೆಟ್ಟವರಾಗುವುದಿಲ್ಲ.

ಬೆಳಿಗ್ಗೆಯಿಂದಲೂ ತಾನು ಇದನ್ನೇ ಬಯಸುತ್ತಿದ್ದೆ ಎಂದು ಆಗ ಅವನಿಗೆ ಗೊತ್ತಾಯಿತು. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಯಾವುದೋ ದೇಶದಿಂದ ಗಾರೆ ಕೆಲಸಕ್ಕೆ ಬಂದವನಿರಬೇಕು. ಅವನ ಸಾವನ್ನು ಇವನು ಬಸ್ಸಿನಲ್ಲಿ, ಬೋರ್ಡಿನ ಮುಂದೆ, ಎಲ್ಲೆಲ್ಲೂ ಹೊತ್ತುಕೊಂಡು ತಿರುಗಿದ್ದ. ಗುರುಪಾದಪ್ಪನಿಗೆ ತನ್ನ ಬಗ್ಗೆಯೇ ಭಯವಾಯಿತು. ಆದರೂ ಆ ಲೆಕ್ಕ ಅಳಿಸಿಹೋಗಲಿಲ್ಲ.

ಠಾಣೆಯೊಳಗೆ ಎ.ಸಿ. ಜೋರಾಗಿತ್ತು. ಗರ್ಟ್ರೂಡ್ ಇನ್ನೂ ಬಂದಿರಲಿಲ್ಲ. ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಚಿಕ್ಕ ವಯಸ್ಸಿನವನು. ಎದೆಯ ಮೇಲೆ ಉಮರ್ ಎಂಬ ಹೆಸರಿತ್ತು. ಸಾವಧಾನವಾಗಿ ಟೀ ಕುಡಿಯುತ್ತಿದ್ದ. ಗುರುಪಾದಪ್ಪ ಮೊರಿಸ್‌ನ ಹೆಸರು ಹೇಳಿದ. ಆಮೇಲೆ, ತಡೆಯಲಾರದೆ, ‘ಸೈಕಲ್‌ವಾಲಾ ಕೈಸಾ ಹೈ?’ ಎಂದು ಕೇಳಿದ.

ಉಮರ್ ಟೀ ಲೋಟ ಕೆಳಗಿಟ್ಟು ಅವನನ್ನು ಗೌರವದಿಂದ ನೋಡಿದ. ‘ಯು ಗುಡ್ ಮ್ಯಾನ್. ಸುಬಹ್ ಸೆ ಸಬ್ ಆಯಾ, ಸಬ್ ಮೊರಿಸ್ ಮೊರಿಸ್. ನೋಬಡಿ ಆಸ್ಕ್ ಸೈಕಲ್.’

ಗುರುಪಾದಪ್ಪ ನೆಲ ನೋಡಿದ.

‘ಜಿಂದಾ ಹೈ,’ ಎಂದ ಉಮರ್. ‘ಬಹುತ್ ಖರಾಬ್, ಲೇಕಿನ್ ಜಿಂದಾ.’

ಬದುಕಿದ್ದಾನೆ. ತನಗಾದದ್ದು ಸಂತೋಷವಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಉಮರ್ ನಿಯಮ ತಿಳಿಸಿದ. ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಅರ್ಥವಾಗದಿರಲು ಅವಕಾಶವೇ ಇರಲಿಲ್ಲ. ಪಾಸ್‌ಪೋರ್ಟ್ ಇಟ್ಟರೆ ಮೊರಿಸ್ ಈಗಲೇ ಮನೆಗೆ ಹೋಗಬಹುದು. ಕೇಸು ಖಲಾಸ್ ಆಗುವವರೆಗೆ ಪಾಸ್‌ಪೋರ್ಟ್ ಇಲ್ಲೇ ಇರುತ್ತದೆ. ಒಂದು ತಿಂಗಳಾಗಬಹುದು, ಸೈಕಲ್ಲಿನವನು ಸತ್ತರೆ ಒಂದು ವರ್ಷವೋ ಎರಡು ವರ್ಷವೋ ಆಗಬಹುದು. ಮೊರಿಸ್ ಓಡಿಹೋದರೆ ಪಾಸ್‌ಪೋರ್ಟಿನವನೇ ಜವಾಬು ಕೊಡಬೇಕು.

‘ತುಮ್ ಕೌನ್ ಉಸ್ಕಾ?’

‘ನೇಬರ್,’ ಎಂದ ಗುರುಪಾದಪ್ಪ.

‘ನೇಬರ್ ಮಾಫಿ.’ ಅರಬ್ಬಿಯಲ್ಲಿ ಇಲ್ಲವೆಂದು ಹೇಳಿ ಉಮರ್ ತಲೆ ಅಲ್ಲಾಡಿಸಿದ, ಸ್ವಲ್ಪ ಬೇಸರದಿಂದಲೇ. ‘ನೇಬರ್ ನಹೀ ಚಲೇಗಾ. ಬ್ರದರ್ ಹೈ, ಓಕೆ. ಕಂಪನಿ ಹೈ, ಓಕೆ. ಸದೀಕ್ ಹೈ, ದೋಸ್ತ್, ಓಕೆ. ನೇಬರ್ ತೋ ದೀವಾರ್ ಹೈ.’

ನೆರೆಯವನೆಂದರೆ ಬರೀ ಗೋಡೆಯಂತೆ. ಇಷ್ಟೊಂದು ಸುಲಭವಾಗಿ ಬಾಗಿಲು ತೆರೆದುಕೊಂಡಿತ್ತು. ನೆರೆಯವನು ಎಂಬ ಮಾತು ಸುಳ್ಳಲ್ಲ, ಕಾನೂನೇ ಬೇಡವೆನ್ನುತ್ತಿದೆ. ನಮಸ್ಕಾರ ಹೇಳಿ ತಿರುಗಿದರೆ ಮುಗಿಯಿತು. ತಿರುಗಲು ಅವನಿಗೆ ಆಸೆಯಾಯಿತು, ನೀರಡಿಸಿದವನಿಗೆ ಆಗುವಷ್ಟು. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆಗೆ ಇನ್ನೂ ಸಮಯವಿತ್ತು. ಗರ್ಟ್ರೂಡ್ ದಾರಿಯಲ್ಲಿರಬೇಕು.

ಅವನು ನಿಂತೇ ಇದ್ದುದನ್ನು ಕಂಡು ಉಮರ್ ಎದ್ದ. ‘ಆವೋ. ಪೆಹಲೆ ದೇಖೋ. ಫಿರ್ ಬೋಲೋ.’

ಓಣಿಯಲ್ಲಿ ದೀಪ ಆರಿತ್ತು. ಕೊನೆಯಲ್ಲಿ ಒಂದು ಕೋಣೆ, ಅದಕ್ಕೆ ಅಗಲವಾದ ಗಾಜು. ಒಳಗೆ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಗಾಜಿಗೆ ಬಿಸಿಲು ತಡೆಯುವ ಹಾಳೆ ಅಂಟಿಸಿದ್ದರು. ಕತ್ತಲೆಯ ಕಡೆಯಿಂದ ಒಳಗಿನದೆಲ್ಲ ಕಾಣುತ್ತಿತ್ತು. ಒಳಗಿನವರಿಗೆ ಅದು ಬರೀ ಕನ್ನಡಿ.

ಬೆಂಚಿನ ಮೇಲೆ ಮೂರು ನಾಲ್ಕು ಜನ ಕೂತಿದ್ದರು. ಮೊರಿಸ್ ಎದ್ದು ಗಾಜಿನ ಹತ್ತಿರಕ್ಕೆ ಬಂದ. ನಿನ್ನೆಯದೇ ಅಂಗಿ, ಕಂಕುಳಲ್ಲಿ ಬೆವರಿನ ಕಲೆ. ಬಿಡುಗಡೆಯಾಗುತ್ತದೆಂದು ಯಾರೋ ಹೇಳಿರಬೇಕು. ಅವನು ನೇರವಾಗಿ ಗುರುಪಾದಪ್ಪನ ಕಣ್ಣನ್ನು ನೋಡಿ ಕಾಲರ್ ಸರಿಮಾಡಿಕೊಂಡ. ಬೆರಳಿಗೆ ಉಗುಳು ಹಚ್ಚಿ ಕಿವಿಯ ಮೇಲಿನ ಕೂದಲನ್ನು ಒತ್ತಿ ಕೂರಿಸಿದ. ನಗಲು ನೋಡಿದ. ತುಟಿ ನಡುಗಿತು. ಮನೆಯಲ್ಲಿ ಯಾರೂ ಗಾಬರಿಯಾಗದ ಹಾಗೆ ನಗಬೇಕಿತ್ತೇನೋ, ಇನ್ನೊಮ್ಮೆ ಪ್ರಯತ್ನಪಟ್ಟ.

ಒಂದು ಗೇಣು ದೂರದಲ್ಲಿ ಗುರುಪಾದಪ್ಪ ಅಲುಗಾಡದೆ ನಿಂತ. ಅದೇ ಗಾಜಿನಲ್ಲಿ ತನ್ನ ಮುಖಕ್ಕಾಗಿ ಹುಡುಕಿದ. ಎಡಕ್ಕೆ ಬಾಗಿ ನೋಡಿದ, ಬಲಕ್ಕೆ ಬಾಗಿ ನೋಡಿದ. ಈ ಕಡೆಯಿಂದ ಅದರಲ್ಲಿ ಅವನು ಎಲ್ಲಿಯೂ ಇರಲಿಲ್ಲ.

‘ಸದೀಕ್?’ ಉಮರ್ ಬೆನ್ನ ಹಿಂದಿನಿಂದ ಕೇಳಿದ. ‘ಯೆಸ್? ನೋ?’

ಗುರುಪಾದಪ್ಪ ಬಾಯಿ ತೆರೆದ. ಗಾಜಿನ ಆಚೆ ಮೊರಿಸ್‌ಗೆ ಕೊನೆಗೂ ಬೇಕಾದ ನಗು ಸಿಕ್ಕಿತ್ತು. ಅದು ಜಾರಿಹೋಗದಂತೆ ಹಿಡಿದುಕೊಂಡು ಅವನು ಇವನ ಮುಖದ ಮೇಲೇ ಕಣ್ಣಿಟ್ಟು ನಿಂತಿದ್ದ.