ಬೇರಿಗಂಟಿದ ಮೊಟ್ಟೆಗಳು

ಬೆಳಗಿನ ಮೇವು ಹಾಕಿದರೆ ಮುಗಿಬೀಳುತ್ತಿದ್ದ ಗೋಲ್ಡ್‌ಫಿಶ್‌ಗಳು ಅಂದು ಮೂಲೆ ಹಿಡಿದಿದ್ದವು. ಒಂದೆರಡು ಸಿಮೆಂಟ್ ತೊಟ್ಟಿಯ ಗೋಡೆಗೆ ಮೈ ಉಜ್ಜುತ್ತಿದ್ದವು. ಅಕ್ಕ ಬಗ್ಗಿ ನೋಡಿದಳು. ಈಜುರೆಕ್ಕೆಗಳ ಮೇಲೆ ಯಾರೋ ಪುಡಿ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳು.

"ರೀ, ಮೀನಿನ ಕಾಯಿಲೆ ನೋಡೋ ಯೂನಿವರ್ಸಿಟಿ ಮೇಡಂಗೆ ಫೋನ್ ಮಾಡ್ಲಾ?"

"ಮಾಡು, ಮಾಡು," ಎಂದ ಗಂಡ. "ಅವರ ಜೀಪು ನಮ್ಮ ಬಾಗಿಲಲ್ಲಿ ನಿಂತ್ರೆ ಡಂಗುರ ಹೊಡೆದ ಹಾಗೇ. ಮೀನು ಕೊಳ್ಳೋ ವ್ಯಾಪಾರಿ ಈ ಕಡೆ ತಲೆ ಹಾಕಿಯೂ ಮಲಗಲ್ಲ. ಹೋದ ಸಲ ಪಕ್ಕದ್ಮನೆ ತೊಟ್ಟಿಗೆ ಕಾಯಿಲೆ ಬಂದಾಗ ಅವರೇನು ಬಾಯಿ ಬಿಟ್ರಾ? ಉಪ್ಪು ಹಾಕು, ಹೋಗುತ್ತೆ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಬೀದಿಯಲ್ಲಿ ಮೀನಿನ ಕಾಯಿಲೆ ಎಂದರೆ ಮನೆಯ ಗುಟ್ಟು. ಸತ್ತದ್ದನ್ನು ಹಿತ್ತಿಲಲ್ಲಿ ಹೂತು, ಮೇಡಂ ಬಂದು ಕೇಳಿದರೆ "ಎಲ್ಲ ಚೆನ್ನಾಗಿದೆ" ಎನ್ನುವುದೇ ರೂಢಿ. ಅಕ್ಕ ಆ ತೊಟ್ಟಿಯ ಮೇಲೆ ಗೋಣಿತಾಟು ಎಳೆದಳು.

ಅಷ್ಟರಲ್ಲಿ ಬಕೆಟ್ ಹಿಡಿದು ತಂಗಿ ಬಂದಳು. ಗಂಡ ತೀರಿಕೊಂಡ ಮೇಲೆ ಹೊಲಿಗೆಯಲ್ಲೇ ಕಣ್ಣು ಸವೆಸಿದವಳು, ಈಗ ಹಿತ್ತಿಲಲ್ಲಿ ಮೂರು ತೊಟ್ಟಿ ಕಟ್ಟಿಸಿ ಮೀನು ಬಿಟ್ಟಿದ್ದಳು. ಅವಳ ಜೀವನವೆಲ್ಲ ಆ ಮೂರು ತೊಟ್ಟಿ.

"ಮೊಟ್ಟೆ ಅಂಟಿರೋ ಗಿಡ ಕೊಡ್ತೀನಿ ಅಂದಿದ್ಯಲ್ಲ ಅಕ್ಕಾ, ಬಕೆಟ್ ಸಮೇತ ಬಂದಿದ್ದೀನಿ. ಇವತ್ತು ತಪ್ಪಿಸ್ಕೊಳ್ಳೋಕೆ ಆಗಲ್ಲ!"

ತೇಲುವ ಗಿಡಗಳ ಬೇರಿನಲ್ಲಿ ಮೀನು ಮೊಟ್ಟೆಯಿಡುತ್ತದೆ. ಹೊಸದಾಗಿ ಮೀನು ಸಾಕುವವರಿಗೆ ಅನುಭವಸ್ಥರು ಅಂಥ ಗಿಡ ಕೊಟ್ಟು ಕೈ ಹಿಡಿಯುವುದು ಅಲ್ಲಿಯ ವಾಡಿಕೆ. ಕೊಡುವುದಿಲ್ಲ ಎಂದರೆ ಯಾಕೆಂದು ಹೇಳಬೇಕು. ಅಕ್ಕ ಪಕ್ಕದ ತೊಟ್ಟಿಯ ಗಿಡ ತೆಗೆದಳು. ಇದರ ನೀರೇ ಬೇರೆಯಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಎರಡಕ್ಕೂ ಅದ್ದಿದ ಬಲೆ ಒಂದೇ ಎಂಬುದು ಅವಳಿಗೆ ಗೊತ್ತಿತ್ತು.

"ಸ್ವಲ್ಪ ದಿನ ಗಿಡಾನ ಬೇರೆ ತೊಟ್ಟೀಲಿ ಇಡು," ಎಂದಳು, ಮುಖ ಅತ್ತ ತಿರುಗಿಸಿ.

"ಮೇಡಂ ಥರಾನೇ ಮಾತಾಡ್ತೀಯಲ್ಲೇ! ಅಂಗಡಿ ಗಿಡ ಆಗಿದ್ರೆ ಇಡ್ತಿದ್ದೆ. ಅಕ್ಕನ ಮನೇದಕ್ಕೆ ಅನುಮಾನ ಪಡ್ಲಾ?" ತಂಗಿ ನಗುತ್ತ ಹೋದಳು.

ಎರಡು ವಾರ ಕಳೆಯುವುದರೊಳಗೆ ತಂಗಿಯ ಮೂರೂ ತೊಟ್ಟಿಗಳಲ್ಲಿ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಅವಳು ಮುಚ್ಚಿಡಲಿಲ್ಲ, ಮೇಡಂಗೆ ಫೋನ್ ಮಾಡಿದಳು. ಜೀಪು ಬಂದದ್ದು ಕಂಡು ಬೀದಿಯವರೆಲ್ಲ ಅವಳ ಹಿತ್ತಿಲಲ್ಲಿ ನೆರೆದರು. ಅಕ್ಕನೂ ಹೋದಳು.

"ಹೊಸದಾಗಿ ಏನಾದ್ರೂ ತಂದ್ರಾ?" ಮೇಡಂ ಕೇಳಿದರು.

"ಅಕ್ಕನ ಮನೆಯಿಂದ ಗಿಡ ತಂದೆ. ಅಲ್ಲೇನೂ ಇಲ್ಲ ಮೇಡಂ, ಅವಳ ಮೀನು ಬಂಗಾರದ ಹಾಗಿವೆ. ನನ್ನ ಕೈಗುಣಾನೇ ಸರಿಯಿಲ್ಲ."

"ಕೈಗುಣ ಅಲ್ಲಮ್ಮ. ಒಂದು ಒದ್ದೆ ಬಲೆಯಿಂದಲೂ ಬರುತ್ತೆ. ಎಲ್ಲಿಂದ ಬಂತು ಅಂತ ಈಗ ಹೇಳೋದು ಕಷ್ಟ. ಸತ್ತ ಮೀನು ಸಾಲದು, ಕಾಯಿಲೆ ಬಿದ್ದು ಇನ್ನೂ ಬದುಕಿರೋದು ಸಿಕ್ಕಿದ್ರೆ ಪರೀಕ್ಷೆ ಮಾಡಬಹುದಿತ್ತು."

ಅಕ್ಕನಿಗೆ ತಪ್ಪಿಸಿಕೊಳ್ಳಲು ದಾರಿ ತಾನಾಗಿ ತೆರೆದಿತ್ತು. ತಂಗಿ ಮಾತ್ರ ತನ್ನ ಅಂಗೈಗಳನ್ನೇ ನೋಡುತ್ತ ಕುಳಿತಿದ್ದಳು, ತಪ್ಪು ಅಲ್ಲೆಲ್ಲೋ ಇದೆ ಎಂಬಂತೆ.

ಅಕ್ಕ ಸರಸರನೆ ಮನೆಗೆ ನಡೆದಳು. ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬುತ್ತಿದ್ದವಳನ್ನು ಗಂಡ ತಡೆದ.

"ತಲೆ ಕೆಟ್ಟಿದೆಯಾ? ನಮ್ಮ ಹೊಟ್ಟೆ ಮೇಲೆ ನಾವೇ ಹೊಡ್ಕೊಳ್ಳೋದಾ?"

"ಅವಳ ಹೊಟ್ಟೆ ಮೇಲೆ ಹೊಡೆದಾಯ್ತಲ್ಲ," ಎಂದು ಅವಳು ಹೊರಟಳು.

ಚೀಲದಲ್ಲಿ ಚುಕ್ಕೆ ತುಂಬಿದ ಮೀನು ಮೆಲ್ಲಗೆ ಬಾಯಿ ಆಡಿಸುತ್ತಿತ್ತು. ಎಲ್ಲರೂ ನೋಡುತ್ತಿದ್ದಂತೆ ಅಕ್ಕ ಅದನ್ನು ಮೇಡಂ ಕೈಗೆ ಕೊಟ್ಟಳು.

ತಂಗಿ ಎದ್ದು ಬಂದಳು. "ಗಿಡ ಕೊಡೋವಾಗ ಗೊತ್ತಿತ್ತಾ?"

"ಗೊತ್ತಿತ್ತು."

ಪಕ್ಕದ್ಮನೆಯವಳು ಸೆರಗಿನ ತುದಿ ತಿರುವುತ್ತ, "ಮೇಡಂ, ಹಾಗೇ ನಮ್ಮನೆಗೂ ಒಂದ್ಸಲ ಬಂದು ನೋಡ್ತೀರಾ?" ಎಂದಳು.

ಅಕ್ಕ ತಂಗಿಯ ಕೈ ಹಿಡಿಯಲು ಹೋದಳು. ತಂಗಿ ಕೈ ಹಿಂದಕ್ಕೆಳೆದುಕೊಂಡು, ಖಾಲಿ ತೊಟ್ಟಿಯ ಕಡೆ ಮುಖ ತಿರುಗಿಸಿ ನಿಂತಳು.

"ಮೊದಲು ಅಕ್ಕನ ಮನೆಗೆ ಹೋಗಿ ಮೇಡಂ," ಎಂದಳು. "ಅಲ್ಲಿ ಇನ್ನೂ ಜೀವ ಇದೆ."